ಬಾಲ ಕಟ್ಟಿಕೊಂಡ ಭಾವ

ನಮ್ಮ ಭಾವನ ಪಿಕಪ್ ಟ್ರಕ್ಕಿಗೆ ಹತ್ತು ಸಾವಿರ ಪೌಂಡ್ ಎಳೆಯುವ ತಾಕತ್ತಿದೆ. ಇದು ಭಾವನೇ ಹೇಳಿದ್ದು. ಕೊಂಡ ದಿನದಿಂದ, ಕೇಳಿದವರಿಗೂ ಕೇಳದವರಿಗೂ. ನಾಲ್ಕು ವರ್ಷದಲ್ಲಿ ಅದು ಹೊತ್ತ ಅತಿ ದೊಡ್ಡ ಭಾರವೆಂದರೆ ಇಪ್ಪತ್ತು ಪೌಂಡಿನ ನಾಲ್ಕು ಚೀಲ ಸೋನಾ ಮಸೂರಿ. ಅದೂ ಗೀರು ಬೀಳಬಾರದೆಂದು ಕೆಳಗೆ ಜಮಖಾನ ಹಾಸಿ.

ಇಂಥ ಐರಾವತಕ್ಕೆ ಕಡೆಗೂ ಕೆಲಸ ಬಂತು. ಕ್ಯಾಲಿಫೋರ್ನಿಯಾದ ಅರ್ವೈನ್‌ನಿಂದ ಕೊಲರಾಡೋದ ಡೆನ್ವರ್‌ಗೆ ಭಾವನಿಗೆ ವರ್ಗವಾಯಿತು. ಸಾವಿರ ಮೈಲಿಗೂ ಮಿಗಿಲು ದಾರಿ. ಅಕ್ಕನ ಹಳೇ ಕಾರನ್ನು ಮಾರಲು ಅಕ್ಕ ಒಪ್ಪಲಿಲ್ಲ, ಒಬ್ಬಳೇ ಓಡಿಸಿಕೊಂಡು ಬರಲೂ ಒಪ್ಪಲಿಲ್ಲ. "ಟ್ರೈಲರ್ ಬಾಡಿಗೆಗೆ ತಂದು ಎಳ್ಕೊಂಡ್ ಹೋದ್ರಾಯ್ತು, ಇದೇನ್ ಮಹಾ!" ಅಂದರು ಭಾವ. ರಜೆಗೆಂದು ಹೋಗಿದ್ದ ನಾನು ಆ ಕ್ಷಣದಿಂದ ಕ್ಲೀನರ್ ಆದೆ.

ಮೊದಲ ಪೆಟ್ಟು ಕೊಟ್ಟದ್ದು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಚೀಟಿ. ಎಳೆಯೋದು ಹತ್ತು ಸಾವಿರವಿದ್ದರೂ ಟ್ರಕ್ಕು ತನ್ನ ಬೆನ್ನ ಮೇಲೆ ಹೊರಬಹುದಾದದ್ದು 1,500 ಪೌಂಡ್ ಅಂತ ಅದರಲ್ಲಿತ್ತು. ಟ್ರೈಲರ್ 2,200, ಕಾರು 3,000, ಎರಡೂ ಸೇರಿ ಐದು ಸಾವಿರದ ಚಿಲ್ಲರೆ. ಅದರಲ್ಲಿ ಶೇಕಡಾ 10ರಿಂದ 15ರಷ್ಟು ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು. 600 ಅಂತ ಹಿಡಿದೆವು. ಉಳಿದ 900ರಲ್ಲಿ ನಾವು ಮೂವರು, ಹಿಂದೆ ಸಾಮಾನು. "ನಿಮ್ಮ ತೂಕ ಎಷ್ಟು ಭಾವ?" "ನೂರ ಅರವತ್ತು." ಅದು ಮದುವೆ ದಿನದ ತೂಕ. ಬಚ್ಚಲುಮನೆ ತಕ್ಕಡಿ 205 ತೋರಿಸಿತು. ಅಕ್ಕ "ನನ್ನದು ನೂರ ಮೂವತ್ತು ಅಂತ ಬರ್ಕೊ" ಅಂದಳು. ಪರೀಕ್ಷಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಲೆಕ್ಕ ತಾಳೆಯಾಗಲು ಭಾವನ ಕಬ್ಬಿಣದ ಡಂಬೆಲ್‌ಗಳು ಪಕ್ಕದ ಮನೆಯವರ ಪಾಲಾದವು. ಅಕ್ಕನ ಗ್ರೈಂಡರ್ ಉಳಿಯಿತು.

ಎರಡನೇ ಪೆಟ್ಟು ಕೊಂಡಿಯ ಗುಂಡಿನದು. ಟ್ರಕ್ಕಿನ ಹಿಂದೆ ಕಬ್ಬಿಣದ ಗುಂಡು, ಅದರ ಮೇಲೆ ಟ್ರೈಲರಿನ ಟೊಪ್ಪಿಗೆ ಕೂರುತ್ತೆ. ಭಾವ ತಂದದ್ದು 1⅞ ಇಂಚಿನ ಗುಂಡು, ಟ್ರೈಲರ್ ಕೇಳಿದ್ದು 2 ಇಂಚು. "ಅರ್ಧಪಾವು ಇಂಚಿಗೆ ಯಾಕಯ್ಯ ಗಲಾಟೆ, ಕೂತಿದೆಯಲ್ಲ!" ಅಂದರು. ಕೂರೋದೇನೋ ಕೂರುತ್ತೆ. ರಸ್ತೆಯಲ್ಲೊಂದು ಗುಂಡಿ ಬಂದರೆ ಎದ್ದೂ ಹೋಗುತ್ತೆ. ಹಾಗೇನಾದರೂ ಆದರೆ ಅಂತಲೇ ಎರಡು ಸರಪಳಿ ಕೊಟ್ಟಿರುತ್ತಾರೆ. ಅವನ್ನು ಟ್ರೈಲರಿನ ಮೂಕಿಯ ಅಡಿಯಲ್ಲಿ ಅಡ್ಡಡ್ಡ ಕತ್ತರಿಯಂತೆ ಕಟ್ಟಬೇಕು. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ನಾಟದೆ ಸರಪಳಿಯ ತೊಟ್ಟಿಲಲ್ಲಿ ಮಲಗುತ್ತೆ.

ಮೂರನೆಯದು ಬ್ರೇಕು. ಭಾವ ಸಾಕಷ್ಟು ಡಾಲರ್ ಸುರಿದು, ಎರಡು ಭಾನುವಾರ ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ, ಟ್ರೈಲರಿನ ಎಲೆಕ್ಟ್ರಿಕ್ ಬ್ರೇಕಿಗೊಂದು ಕಂಟ್ರೋಲರ್ ಕೂರಿಸಿದರು. ಬಾಡಿಗೆ ಟ್ರೈಲರ್ ಬಂದಾಗ ನೋಡಿದರೆ ಅದರಲ್ಲಿ ಎಲೆಕ್ಟ್ರಿಕ್ ಬ್ರೇಕೇ ಇಲ್ಲ! ಟ್ರಕ್ಕು ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತೆ, ಆ ಒತ್ತಡದಿಂದಲೇ ಅದರ ಬ್ರೇಕು ತಾನಾಗಿ ಹಿಡಿಯುತ್ತೆ. ಕಂಟ್ರೋಲರ್ ಈಗಲೂ ಅಲ್ಲೇ ಇದೆ. ಭಾವ ಅದಕ್ಕೆ ಮೊಬೈಲ್ ಒರಗಿಸುತ್ತಾರೆ.

ಕಾರು ಹತ್ತಿಸುವಾಗ ಭಾವನಿಗೆ ಹೊಸ ಬುದ್ಧಿ ಹೊಳೆಯಿತು. "ರಿವರ್ಸಲ್ಲಿ ಹತ್ತಿಸೋಣ. ಡೆನ್ವರಲ್ಲಿ ಸೀದಾ ಇಳಿಸ್ಬಹುದು." ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದಳು: "ರೀ, ಎಂಜಿನ್ ಎಲ್ಲಿದೆ ಕಾರಲ್ಲಿ?"

"ಮುಂದೆ."

"ಅಂದ್ರೆ ಭಾರ ಎಲ್ಲಾ ಹಿಂದಕ್ಕೆ ಹೋಗತ್ತೆ. ನಮ್ಮಪ್ಪ ಮಂಡ್ಯದ ಮಿಲ್ಲಿಗೆ ಕಬ್ಬು ಹೊಡೀತಿದ್ದಾಗ ಏನ್ ಹೇಳ್ತಿದ್ರು? ಮುಂಭಾರ ಆದ್ರೆ ಎತ್ತಿನ ಹೆಗಲು ನೋಯತ್ತೆ, ಹಿಂಭಾರ ಆದ್ರೆ ಮೂಕಿ ಮೇಲೇಳತ್ತೆ."

ಭಾವ ಮೊಬೈಲಿನಲ್ಲಿ ಹುಡುಕಿದರು. ಕೊಂಡಿಯ ಮೇಲೆ ಭಾರ ಸಾಲದಿದ್ದರೆ ಟ್ರೈಲರ್ ಹಾವಿನ ಬಾಲದಂತೆ ಆಚೀಚೆ ಬಡಿದಾಡಿ, ಎಳೆಯುವ ಗಾಡಿಯನ್ನೇ ಉರುಳಿಸಬಹುದು ಅಂತ ಅಲ್ಲೂ ಬರೆದಿತ್ತು. ಆ ಲೇಖನ ಇಂಗ್ಲಿಷಿನಲ್ಲಿದ್ದುದರಿಂದ ಭಾವ ಒಪ್ಪಿಕೊಂಡರು. ಕಾರು ಮೂತಿ ಮುಂದಾಗಿ ಹತ್ತಿತು.

ಹೊರಟೆವು. ಐವತ್ತು ಮೈಲಿಗೆ ನಿಲ್ಲಿಸಿ ಚಕ್ರದ ನಟ್ಟು, ಕಾರು ಬಿಗಿದ ಪಟ್ಟಿ, ಸರಪಳಿ ಮುಟ್ಟಿ ನೋಡಬೇಕು ಎಂಬುದು ನಿಯಮ. ಭಾವ ಅದನ್ನು "ಐವತ್ತಕ್ಕೊಂದು ಸಲ" ಅಂತ ಓದಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯ ಮಿತಿ ಬೇರೆ. ಹತ್ತು ಸಾವಿರ ಪೌಂಡಿನ ಐರಾವತವನ್ನು ಪುಟಾಣಿ ಕಾರುಗಳೆಲ್ಲ ಹಿಂದೆ ಹಾಕುತ್ತ ಹೋದವು.

ಬೇಕರ್ ಎಂಬ ಮರುಭೂಮಿಯ ಊರಿನಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಂತಿದೆ. ಅಲ್ಲೇ ಹತ್ತಿರದ ಡೆತ್ ವ್ಯಾಲಿಯಲ್ಲಿ 1913ರಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನ ನೆನಪಿಗಂತೆ. ಅದನ್ನು ದಾಟಿದರೆ ಉದ್ದನೆಯ ಏರು. ಗಾಡಿ ಕಾಯದಿರಲು ಏಸಿ ಆರಿಸಿ ಅಂತ ಫಲಕ. ಇಲ್ಲಿ ಮೊದಲು ಸುಸ್ತಾಗೋದು ಗೇರ್‌ಬಾಕ್ಸಿನ ಎಣ್ಣೆ. ಭಾವ ಅದನ್ನು ಹೊಸದಾಗಿ ಹಾಕಿಸಿದ್ದರು, ಭಾರ ಎಳೆಯುವಾಗ ಒತ್ತಬೇಕಾದ ಟೋ-ಹಾಲ್ ಗುಂಡಿಯನ್ನೂ ಒತ್ತಿದರು. ಎಣ್ಣೆ ತಣ್ಣಗಿತ್ತು. ಒಳಗೆ ಕೂತ ನಾವು ಮೂವರೂ ಇಡ್ಲಿಯಾದೆವು.

ಯೂಟಾದಲ್ಲಿ ಸಲೈನಾದಿಂದ ಗ್ರೀನ್ ರಿವರ್‌ವರೆಗೆ ನೂರು ಮೈಲಿಗೂ ಹೆಚ್ಚು ಹೆದ್ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿಲ್ಲ. ಎಳೆಯುವ ಗಾಡಿಗೆ ಹೊಟ್ಟೆಬಾಕತನ ಜಾಸ್ತಿ. ಟ್ಯಾಂಕ್ ತುಂಬಿಸಿಯೇ ಹೊರಟೆವು. ಕೊಲರಾಡೋದಲ್ಲಿ ಐಸೆನ್‌ಹೋವರ್ ಸುರಂಗ. ಸಮುದ್ರಮಟ್ಟದಿಂದ ಹನ್ನೊಂದು ಸಾವಿರ ಅಡಿ ಮೇಲೆ. ಗಾಳಿ ತೆಳು, ಎಂಜಿನ್ನಿಗೂ ಏದುಸಿರು, ಭಾವನಿಗೂ. ಮುಂದೆಲ್ಲ ಇಳಿಜಾರು. ಬ್ರೇಕ್ ಒತ್ತಿ ಹಿಡಿದರೆ ಸುಟ್ಟೀತೆಂದು ಕೆಳಗಿನ ಗೇರಿನಲ್ಲಿ ಇಳಿದೆವು. ಡೆನ್ವರ್ ಕಣ್ಣಿಗೆ ಬಿದ್ದು "ಮುಗೀತಪ್ಪ" ಅನ್ನುವಷ್ಟರಲ್ಲಿ ಫಲಕವೊಂದು ಎದುರಾಯಿತು: ಲಾರಿಯವರೇ, ನೀವಿನ್ನೂ ಇಳಿದು ಮುಗಿಸಿಲ್ಲ!

ನಿಜಕ್ಕೂ ಮುಗಿದಿರಲಿಲ್ಲ. ಹೊಸ ಮನೆಯ ಮುಂದೆ ನಲವತ್ತಡಿ ಡ್ರೈವ್‌ವೇ, ಟ್ರೈಲರನ್ನು ಹಿಂದಕ್ಕೆ ನುಗ್ಗಿಸಬೇಕು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತೆ. ಎರಡು ತಿಂಗಳ ತಯಾರಿಯಲ್ಲಿ ಹಿಂದಕ್ಕೆ ಹೋಗುವುದು ಹೇಗೆಂದು ಭಾವ ಒಮ್ಮೆಯೂ ಯೋಚಿಸಿರಲಿಲ್ಲ. ಮುಕ್ಕಾಲು ಗಂಟೆ ಕಳೆಯಿತು. ಹೊಸ ನೆರೆಹೊರೆಯವರೆಲ್ಲ ಹೊರಗೆ ಬಂದು ಪರಿಚಯವಾದರು. ಟ್ರೈಲರ್ ಮೂರು ಸಲ ಹೂವಿನ ಪಾತಿಗೆ ಹೋಗಿ ಬಂತು.

ಅಕ್ಕ ಇಳಿದಳು. ಪಟ್ಟಿ ಬಿಚ್ಚಿಸಿ, ರ‍್ಯಾಂಪ್ ಎಳೆಸಿ, ತನ್ನ ಕಾರು ಹತ್ತಿ ರಸ್ತೆಗೆ ರಿವರ್ಸಲ್ಲಿ ಇಳಿಸಿಕೊಂಡು, ಎರಡೇ ನಿಮಿಷದಲ್ಲಿ ಗ್ಯಾರೇಜಿನೊಳಗೆ ನಿಲ್ಲಿಸಿದಳು. ಬಾಗಿಲು ಹಾಕುತ್ತ ನನ್ನ ಕಡೆ ತಿರುಗಿ, "ನಿಮ್ಮ ಭಾವಂಗೆ ಹೇಳೋ, ಆ ಬಂಡಿ ಅಲ್ಲೇ ಇರ್ಲಿ, ಬಂದು ಗ್ರೈಂಡರ್ ಇಳಿಸ್ಲಿ" ಅಂದಳು.