ಮಿಂಚಿದ್ದು ಎಲ್ಲಿ, ಮೇಷ್ಟ್ರೇ?

2022ರ ಅಕ್ಟೋಬರ್ 9, ಭಾನುವಾರ. ಸಂಜೆ ಆರೂಮುಕ್ಕಾಲು ದಾಟಿ ಎರಡು ನಿಮಿಷ. ಆ ಹೊತ್ತಿಗೆ ನಮ್ಮ ನೆತ್ತಿಯ ಮೇಲೆ ಒಂದು ಬೆಳಕು ಬಂದು ಬಡಿಯಿತು. ಅಂಥದ್ದು ಹತ್ತು ಸಾವಿರ ವರ್ಷಕ್ಕೊಮ್ಮೆ ಬಂದರೆ ಬಂದೀತು ಅಂತ ಖಗೋಳ ವಿಜ್ಞಾನಿಗಳು ಆಮೇಲೆ ಅಂದಾಜು ಮಾಡಿದರು. ಪಕ್ಕದ ಮನೆಯ ಮೇಷ್ಟ್ರಿಗೆ ಬೇಲಿಯ ಈಚೆಯಿಂದ ಇದನ್ನು ಹೇಳಿದೆ. ಅವರು ಗಿಡಕ್ಕೆ ಹಿಡಿದಿದ್ದ ಪೈಪನ್ನು ಅಲ್ಲೇ ಬಿಟ್ಟು, “ನೆತ್ತಿ ಮೇಲೆ ಅಂದ್ರೆ ಎಷ್ಟು ಮೇಲೆ? ಲೆಕ್ಕ ಹೇಳಪ್ಪಾ” ಅಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅಂಕಿಯಿಲ್ಲದ ಮಾತು ಅವರಿಗೆ ಹಿಡಿಸುವುದಿಲ್ಲ.

ಲೆಕ್ಕ ಹೇಳಿದೆ. ಆ ಬೆಳಕು ಬಂದದ್ದು ಶ್ರವಣ ಮತ್ತು ಅಭಿಜಿತ್ ನಕ್ಷತ್ರಗಳ ನಡುವಣ ಜಾಗದಿಂದ. ಅಕ್ಟೋಬರ್ ಎರಡನೇ ವಾರ ಹೊತ್ತು ಮುಳುಗಿ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಆ ಜಾಗ ನಮಗೆ ಹೆಚ್ಚುಕಡಿಮೆ ನಡುನೆತ್ತಿಗೆ ಬಂದಿರುತ್ತದೆ. ಬೆಂಗಳೂರಿನಲ್ಲಿ ನಿಂತವರಿಗೆ ನೆತ್ತಿಯಿಂದ ಹತ್ತು ಡಿಗ್ರಿಯಷ್ಟು ವಾಲಿದ್ದೀತು, ಅಷ್ಟೆ.

“ಮತ್ತೆ ನಮ್ಗ್ಯಾಕೆ ಕಾಣ್ಲಿಲ್ಲ? ಅವತ್ತು ನಾವು ತಾರಸಿ ಮೇಲೇ ಇದ್ದಿರಬಹುದು.”

ಅದು ಗಾಮಾ ಕಿರಣ. ಕಣ್ಣಿಗೆ ಕಾಣುವುದಿಲ್ಲ ಮೇಷ್ಟ್ರೇ, ನೆಲಕ್ಕೂ ಇಳಿಯುವುದಿಲ್ಲ. ವಾತಾವರಣ ಅದನ್ನು ಮೇಲೆಯೇ ಹೀರಿಕೊಳ್ಳುತ್ತದೆ. ಅದಕ್ಕೇ ಉಪಗ್ರಹ ಬೇಕು. ಅವತ್ತು ಅಮೆರಿಕದ ಫರ್ಮಿ ಉಪಗ್ರಹದ ಸಂವೇದಕಗಳಿಗೆ ಆ ಪ್ರವಾಹವನ್ನು ಎಣಿಸಿ ಮುಗಿಸಲು ಆಗಲಿಲ್ಲ, ಅಷ್ಟು ಜೋರಾಗಿತ್ತು. ಇಂಥ ಕೆಲಸಕ್ಕೆಂದೇ ಹಾರಿಸಿದ ಇನ್ನೊಂದು ಉಪಗ್ರಹ ಸ್ವಿಫ್ಟ್. ಅದಕ್ಕೆ ಆ ಗಳಿಗೆಯಲ್ಲಿ ಭೂಮಿಯೇ ಅಡ್ಡ ಇತ್ತು. 53 ನಿಮಿಷ ಕಳೆದು ಅದು ಈ ಕಡೆಗೆ ಬಂದಾಗ ಅದೇ ದಿಕ್ಕಿನಲ್ಲಿ ಏನೋ ಹೊಸದಾಗಿ ಉರಿಯುತ್ತಿತ್ತು. ಕಂಡ ಜಾಗ ನಮ್ಮ ಆಕಾಶಗಂಗೆಯ ಪಟ್ಟಿಗೆ ಹತ್ತಿರ. ಹಾಗಾಗಿ ಇದು ನಮ್ಮ ಗ್ಯಾಲಕ್ಸಿಯದ್ದೇ ಯಾವುದೋ ವಸ್ತು ಅಂತ ಮೊದಲು ಬಗೆದರು, ಅದಕ್ಕೆ ಬೇರೆಯೇ ಹೆಸರಿಟ್ಟು ಸುದ್ದಿ ಕಳಿಸಿದರು. ಫರ್ಮಿ ಹಿಡಿದದ್ದೂ ಸ್ವಿಫ್ಟ್ ಕಂಡದ್ದೂ ಒಂದೇ ಅಂತ ಗೊತ್ತಾದದ್ದು ಕೆಲವು ಗಂಟೆಗಳ ಮೇಲೆ. ಚಿಲಿಯ ದೊಡ್ಡ ದೂರದರ್ಶಕ ಬೆಳಕನ್ನು ಬಿಡಿಸಿ ನೋಡಿದ ಮೇಲೆ ತಿಳಿಯಿತು: ಆ ಬೆಳಕು ಹೊರಟು ಸುಮಾರು 200 ಕೋಟಿ ವರ್ಷ ಆಗಿದೆ.

ಒಳಗಿಂದ ಮೇಷ್ಟ್ರ ಮನೆಯವರು ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. “ಅಲ್ಲಾ, ಅಷ್ಟು ಜೋರಾಗಿ ಬಡೀತು ಅಂತೀಯಲ್ಲ, ನಮಗೇನೂ ಆಗ್ಲಿಲ್ವಾ?” ಅಂದರು.

ಏನೂ ಆಗಲಿಲ್ಲ ಅಮ್ಮ. ಆದರೆ ಭೂಮಿಯ ಮೇಲ್ಪದರಕ್ಕೆ, ರೇಡಿಯೋ ಅಲೆಗಳು ಪುಟಿದು ಬರುತ್ತವಲ್ಲ ಆ ಅಯಾನುಗಳ ಪದರಕ್ಕೆ, ಅದು ತಟ್ಟಿತು. ಗಂಟೆಗಟ್ಟಲೆ ಕದಡಿದ್ದನ್ನು ಅಳೆದಿದ್ದಾರೆ. 200 ಕೋಟಿ ವರ್ಷ ದಾರಿ ನಡೆದು ಬಂದ ಬೆಳಕಿಗೆ ಇನ್ನೂ ಅಷ್ಟು ಕಸುವಿತ್ತು. ಸಾಯುವ ದೊಡ್ಡ ನಕ್ಷತ್ರ ಒಳಕ್ಕೆ ಕುಸಿದು ಕಪ್ಪುಕುಳಿಯಾಗುವಾಗ ಹೊಮ್ಮಿದ ಬೆಳಕು ಅದು. ಅದರ ಹೆಸರು ಜಿಆರ್‌ಬಿ 221009ಎ. ಜಿಆರ್‌ಬಿ ಅಂದರೆ ಗಾಮಾ ಕಿರಣ ಸ್ಫೋಟ, ಉಳಿದದ್ದು ಬರೀ ತಾರೀಖು. ಯಾವತ್ತು ಅಂತ ಹೇಳುವುದು ಇವುಗಳ ವಿಷಯದಲ್ಲಿ ಸುಲಭ. ಎಲ್ಲಿ ಅಂತ ಹೇಳುವುದೇ ಕಷ್ಟ. ಈ ಶಾಸ್ತ್ರದ ಐವತ್ತು ಚಿಲ್ಲರೆ ವರ್ಷಗಳ ಪಾಡೆಲ್ಲ ಆ ‘ಎಲ್ಲಿ’ಗಾಗಿ ಪಟ್ಟದ್ದು.

ಶುರುವಾದದ್ದೇ ಬೇರೆ ಕಾರಣಕ್ಕೆ. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸೇರಿ ಆಕಾಶದಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷೆ ಮಾಡುವುದಿಲ್ಲ ಅಂತ ಒಪ್ಪಂದ ಮಾಡಿಕೊಂಡವು. ಒಪ್ಪಂದ ಮುರಿದು ಯಾರಾದರೂ ಕದ್ದು ಸಿಡಿಸಿದರೆ ಹಿಡಿಯಬೇಕು ಅಂತ ಅಮೆರಿಕ ವೇಲಾ ಎಂಬ ಉಪಗ್ರಹಗಳನ್ನು ಜೋಡಿಜೋಡಿಯಾಗಿ ಲಕ್ಷ ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತಲು ಬಿಟ್ಟಿತು. 1967ರ ಜುಲೈ 2ರಂದು ಅವು ಏನನ್ನೋ ಕಂಡವು. ಬಾಂಬಿನ ಲಕ್ಷಣ ಅದಕ್ಕೆ ಇರಲಿಲ್ಲ. ಲಾಸ್ ಅಲಮೋಸ್ ಪ್ರಯೋಗಾಲಯದ ರೇ ಕ್ಲೆಬೆಸಾಡೆಲ್ ದಾಖಲೆಗಳನ್ನು ಕೂತು ತಿರುವಿದಾಗ ಅದು ಕಣ್ಣಿಗೆ ಬಿತ್ತು. ಮುಂದಿನ ವೇಲಾಗಳಲ್ಲಿ ಗಡಿಯಾರ ಇನ್ನೂ ಚುರುಕಾಗಿತ್ತು. ಒಂದು ಉಪಗ್ರಹಕ್ಕೆ ಯಾವಾಗ ತಾಗಿತು, ಇನ್ನೊಂದಕ್ಕೆ ಎಷ್ಟು ತಡವಾಗಿ ತಾಗಿತು ಅಂತ ನೋಡಿ ದಿಕ್ಕು ಲೆಕ್ಕ ಹಾಕಿದರು. ಭೂಮಿಯದ್ದಲ್ಲ, ಸೂರ್ಯನದ್ದೂ ಅಲ್ಲ. ಕ್ಲೆಬೆಸಾಡೆಲ್, ಸ್ಟ್ರಾಂಗ್, ಓಲ್ಸನ್ ಮೂವರೂ ಸೇರಿ 16 ಸ್ಫೋಟಗಳ ವಿವರವನ್ನು 1973ರಲ್ಲಿ ಪ್ರಕಟಿಸಿದರು.

“ಹಾಗಾದ್ರೆ ಮೊದಲನೇ ದಿನಾನೇ ದಿಕ್ಕು ಗೊತ್ತಾಯ್ತಲ್ಲ?” ಅಂದರು ಮೇಷ್ಟ್ರು.

ಒರಟಾಗಿ ಗೊತ್ತಾಯಿತು. ಅಲ್ಲೇ ತೊಡಕು. ಗಾಮಾ ಕಿರಣವನ್ನು ಮಸೂರ ಬಗ್ಗಿಸುವುದಿಲ್ಲ, ಸಾಮಾನ್ಯ ಕನ್ನಡಿ ಹಿಂದಿರುಗಿಸುವುದಿಲ್ಲ. ಹಾಗಾಗಿ ಚಿತ್ರ ಮೂಡಿಸುವುದು ಹೇಗೆ? 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯದ ಎಂಟು ಮೂಲೆಗೆ ಬ್ಯಾಟ್ಸೆ ಎಂಬ ಉಪಕರಣದ ಎಂಟು ಸಂವೇದಕ ಇಟ್ಟಿದ್ದರು. ಯಾವುದಕ್ಕೆ ಹೆಚ್ಚು ಬಡಿಯಿತು, ಯಾವುದಕ್ಕೆ ಕಡಿಮೆ ಅಂತ ಹೋಲಿಸಿ ಜಾಗ ಊಹಿಸುವುದು. ಹಲವು ಡಿಗ್ರಿಗಳ ತಪ್ಪು ಸಹಜ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ ಅಂದಮೇಲೆ ನೀವೇ ನೋಡಿ, ಅಂಥ ತಪ್ಪಿನೊಳಗೆ ಎಷ್ಟು ನಕ್ಷತ್ರ, ಎಷ್ಟು ಗ್ಯಾಲಕ್ಸಿ ಅಡಗಬಹುದು ಅಂತ. ಆದರೂ ಬ್ಯಾಟ್ಸೆ ಒಂದು ದೊಡ್ಡ ಉಪಕಾರ ಮಾಡಿತು. ಒಂಬತ್ತು ವರ್ಷದಲ್ಲಿ 2,704 ಸ್ಫೋಟ ದಾಖಲಿಸಿತು. ನಕಾಶೆಯಲ್ಲಿ ಚುಕ್ಕಿ ಇಟ್ಟು ನೋಡಿದರೆ ಆಕಾಶದ ತುಂಬ ಸಮನಾಗಿ ಚೆಲ್ಲಿದ್ದವು. ನಮ್ಮ ಆಕಾಶಗಂಗೆಯವಾಗಿದ್ದರೆ ಅದರ ಪಟ್ಟಿಯ ಉದ್ದಕ್ಕೂ ದಟ್ಟೈಸಬೇಕಿತ್ತಲ್ಲ?

ಅದನ್ನು ಒಪ್ಪದವರೂ ಇದ್ದರು. 1995ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಬಹಿರಂಗ ಚರ್ಚೆಯೇ ನಡೆಯಿತು. ಡೊನಾಲ್ಡ್ ಲ್ಯಾಂಬ್ ಇವು ನಮ್ಮ ಗ್ಯಾಲಕ್ಸಿಯ ಸುತ್ತಲಿನವು ಅಂದರು. ಪೋಲೆಂಡಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ಬೋಡಾನ್ ಪಚಿನ್‌ಸ್ಕಿ ಇಲ್ಲ, ಕೋಟಿಕೋಟಿ ಜ್ಯೋತಿರ್ವರ್ಷ ಆಚೆಯವು ಅಂದರು. ಕೈಯಲ್ಲಿ ಒಂದೇ ಒಂದು ಸರಿಯಾದ ವಿಳಾಸ ಇದ್ದಿದ್ದರೆ ವಾದವೇ ಬೇಕಿರಲಿಲ್ಲ.

ಆ ವಿಳಾಸ ಸಿಕ್ಕಿದ್ದು 1997ರ ಫೆಬ್ರವರಿ 28ರಂದು. ಇಟಲಿ ಮತ್ತು ನೆದರ್ಲೆಂಡ್ಸ್ ಕೂಡಿ ಮಾಡಿದ್ದ ಬೆಪ್ಪೋಸ್ಯಾಕ್ಸ್ ಉಪಗ್ರಹಕ್ಕೆ ಎಕ್ಸ್-ಕಿರಣದ ಅಗಲ ಕ್ಯಾಮೆರಾ ಇತ್ತು. ಸ್ಫೋಟ ಕಂಡ ಕೂಡಲೇ ಜಾಗ ಗುರುತು ಮಾಡಿ, ಎಂಟು ಗಂಟೆಯಲ್ಲಿ ಉಪಗ್ರಹವನ್ನು ಅತ್ತ ತಿರುಗಿಸಿದರು. ಅಲ್ಲಿ ಎಕ್ಸ್-ಕಿರಣದ ಉಳಿಬೆಳಕು ಇನ್ನೂ ಇತ್ತು. ಸ್ಫೋಟ ಮುಗಿದ ಮೇಲೂ ಅದೇ ಜಾಗದಲ್ಲಿ ದಿನಗಟ್ಟಲೆ ನಿಂತು ಮೆಲ್ಲಗೆ ಆರುವ ಬೆಳಕು ಅದು. ಒಂದು ದಿನ ಕಳೆಯುವ ಮೊದಲೇ ಕೆನರಿ ದ್ವೀಪದ ದೂರದರ್ಶಕಕ್ಕೆ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಅದು ಸಿಕ್ಕಿತು. ಅದೇ ವರ್ಷದ ಮೇ ತಿಂಗಳ ಇನ್ನೊಂದು ಸ್ಫೋಟದ ದೂರವನ್ನು ಹವಾಯಿಯ ಕೆಕ್ ದೂರದರ್ಶಕ ಅಳೆದು ಕೊಟ್ಟಿತು. 600 ಕೋಟಿ ಜ್ಯೋತಿರ್ವರ್ಷಕ್ಕೂ ಹೆಚ್ಚು! ಪಚಿನ್‌ಸ್ಕಿ ಹೇಳಿದ್ದೇ ನಿಜವಾಯಿತು. ಮೂವತ್ತು ವರ್ಷ ಇತ್ಯರ್ಥವಾಗದೆ ಉಳಿದ ಪ್ರಶ್ನೆ ಮೂರು ತಿಂಗಳಲ್ಲಿ ಮುಗಿದುಹೋಯಿತು.

ಸ್ವಿಫ್ಟ್ ಬಂದದ್ದು ಆಮೇಲೆ, 2004ರ ನವೆಂಬರಿನಲ್ಲಿ. ಅದರಲ್ಲಿ ಮಸೂರವಿಲ್ಲದೆ ಜಾಗ ಹಿಡಿಯುವ ಉಪಾಯ ಇದೆ. ಸಂವೇದಕಗಳ ಹಾಸಿನಿಂದ ಒಂದು ಮೀಟರ್ ಮೇಲೆ ಸೀಸದ ಚಿಕ್ಕ ಬಿಲ್ಲೆಗಳನ್ನು, ಸುಮಾರು 52,000 ಬಿಲ್ಲೆಗಳನ್ನು, ಅಡ್ಡಾದಿಡ್ಡಿ ಅಂಟಿಸಿದ್ದಾರೆ. ಅರ್ಧ ಜಾಗ ಮುಚ್ಚಿದೆ, ಅರ್ಧ ತೆರೆದಿದೆ. ಗಾಮಾ ಕಿರಣ ಬಿದ್ದಾಗ ಬಿಲ್ಲೆಗಳ ನೆರಳು ಕೆಳಗಿನ 32,768 ಸಂವೇದಕಗಳ ಮೇಲೆ ಮೂಡುತ್ತದೆ. ಹಳೇ ಮನೆಯ ಜಾಲಂದ್ರದ ನೆರಳು ಹೊತ್ತು ಸರಿದಂತೆ ನೆಲದ ಮೇಲೆ ಸರಿಯುತ್ತದಲ್ಲ, ಅದನ್ನು ನೋಡಿ ಸೂರ್ಯ ಎಲ್ಲಿದ್ದಾನೆ ಅಂತ ಹೇಳಬಹುದಲ್ಲ, ಹಾಗೆಯೇ. ನೆರಳು ಎಷ್ಟು ಸರಿದಿದೆ ಅಂತ ಉಪಗ್ರಹದ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ನೆಲದಿಂದ ಅಪ್ಪಣೆ ಬರಲಿ ಅಂತ ಕಾಯದೆ ಒಂದೆರಡು ನಿಮಿಷದಲ್ಲಿ ತಾನೇ ಅತ್ತ ತಿರುಗಿ, ಎಕ್ಸ್-ಕಿರಣದ ದೂರದರ್ಶಕವನ್ನು ಅಲ್ಲಿಗೆ ಹಿಡಿಯುತ್ತದೆ. ಆ ಹೊತ್ತಿಗೇ ಜಗತ್ತಿನ ಖಗೋಳ ವಿಜ್ಞಾನಿಗಳಿಗೆ ಸಂದೇಶ ಹೋಗಿರುತ್ತದೆ. ಯಾರ ದೂರದರ್ಶಕಕ್ಕೆ ಆಗ ರಾತ್ರಿಯೋ ಅವರು ಕೈಲಿದ್ದ ಕೆಲಸ ಬಿಟ್ಟು ಅತ್ತ ತಿರುಗುತ್ತಾರೆ. ನನಗೆ ಸ್ವಿಫ್ಟ್‌ನ ಬಗ್ಗೆ ಅಭಿಮಾನ ಇರುವುದು ಈ ಕಾರಣಕ್ಕೆ. ಕಂಡದ್ದನ್ನು ಅದು ಮುಚ್ಚಿಟ್ಟುಕೊಳ್ಳುವುದಿಲ್ಲ.

ಆದರೆ ಮೇಷ್ಟ್ರಿಗೆ ಬಹಳ ಹಿಡಿಸಿದ್ದು 2020ರ ಏಪ್ರಿಲ್ 15ರ ಕಥೆ. ಅದನ್ನು ಅವರಿಗೆ ಬಿಡಿಸಿ ಹೇಳಲೇಬೇಕಾಯಿತು.

ಅವತ್ತು ಮೊದಲು ತಾಗಿದ್ದು ಮಂಗಳ ಗ್ರಹವನ್ನು ಸುತ್ತುತ್ತಿದ್ದ ಒಡಿಸ್ಸಿ ನೌಕೆಗೆ. ಅದರಲ್ಲಿ ರಷ್ಯದವರ ನ್ಯೂಟ್ರಾನ್ ಸಂವೇದಕ ಒಂದಿದೆ. ಮಂಗಳದ ಮಣ್ಣಿನಲ್ಲಿ ನೀರಿನ ಸುಳಿವು ಹುಡುಕುವುದು ಅದರ ಕೆಲಸ. 6.6 ನಿಮಿಷದ ಮೇಲೆ ವಿಂಡ್ ಎಂಬ ನೌಕೆಗೆ ತಾಗಿತು. ಅದು 1994ರಲ್ಲಿ ಹಾರಿಸಿದ್ದು, ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಇನ್ನೊಂದು ನಾಲ್ಕೂವರೆ ಸೆಕೆಂಡಿಗೆ ಭೂಮಿಯನ್ನು ಸುತ್ತುವ ಫರ್ಮಿಗೆ ತಾಗಿತು, ಯುರೋಪಿನ ಇಂಟೆಗ್ರಲ್ ಉಪಗ್ರಹವೂ ಕಂಡಿತು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. “6.6 ನಿಮಿಷ ಅಂದ್ರೆ 396 ಸೆಕೆಂಡು. ಬೆಳಕಿಗೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಹತ್ತಿರ ಹತ್ತಿರ 12 ಕೋಟಿ ಕಿಲೋಮೀಟರು.” ಕಣ್ಣು ಬಿಟ್ಟರು. “ಮಂಗಳಕ್ಕೂ ನಮಗೂ ಇರೋ ದೂರ ಅವತ್ತು ಎಷ್ಟು ಅಂತ ಗೊತ್ತಿದ್ರೆ ಕೋಸೈನ್ ಸಿಕ್ತು. ಕೋನ ಸಿಕ್ತು! ಆದ್ರೆ ಒಂದು ಕೋನಕ್ಕೆ ಆಕಾಶದಲ್ಲಿ ಒಂದು ವೃತ್ತ ಬರುತ್ತೆ, ಬಿಂದು ಬರಲ್ಲ.”

ಹೌದು ಸಾರ್, ವೃತ್ತವೇ. ಇನ್ನೊಂದು ಜೋಡಿಯಿಂದ ಇನ್ನೊಂದು ವೃತ್ತ ಎಳೆಯುತ್ತಾರೆ. ಎರಡೂ ಕೂಡುವ ಜಾಗವೇ ವಿಳಾಸ. ಎರಡು ವೃತ್ತ ಎರಡು ಕಡೆ ಕೂಡಬಹುದು. ಆಗ ಒಂದನ್ನು ಬಿಡಲು ಮತ್ತೊಂದು ನೌಕೆಯ ಸಾಕ್ಷಿ ಬೇಕು. ನೌಕೆಗಳು ದೂರದೂರ ಇದ್ದಷ್ಟೂ ವೃತ್ತದ ಗೆರೆ ತೆಳುವಾಗುತ್ತದೆ. ಅವತ್ತು ಗೆರೆಗಳು ಕೂಡಿದ ಪುಟ್ಟ ಜಾಗದಲ್ಲಿ ಎನ್‌ಜಿಸಿ 253 ಎಂಬ ಗ್ಯಾಲಕ್ಸಿ ಇತ್ತು, 1.14 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಇಂಥವುಗಳ ಲೆಕ್ಕದಲ್ಲಿ ಅದು ನೆರೆಮನೆಯೇ. ಅಷ್ಟು ಹತ್ತಿರ ಅಂತ ತಿಳಿದ ಮೇಲೆ ಸ್ಫೋಟದ ಅರ್ಥವೇ ಬದಲಾಯಿತು. ಅದು ನಕ್ಷತ್ರ ಸತ್ತದ್ದಲ್ಲ. ವಿಪರೀತ ಕಾಂತಶಕ್ತಿಯ ಒಂದು ನ್ಯೂಟ್ರಾನ್ ನಕ್ಷತ್ರ, ಮ್ಯಾಗ್ನೆಟಾರ್ ಅಂತಾರಲ್ಲ ಅದು, ಒಮ್ಮೆ ಭುಗಿಲೆದ್ದದ್ದು. ಇಡೀ ಪ್ರಸಂಗ ಒಂದು ಸೆಕೆಂಡಿನ ಏಳನೇ ಒಂದು ಭಾಗದಲ್ಲಿ ಮುಗಿದಿತ್ತು. ಜಾಗ ತಿಳಿಯದೆ ಹೋಗಿದ್ದರೆ ಸಾವಿರಾರು ಚಿಕ್ಕ ಸ್ಫೋಟಗಳ ಪಟ್ಟಿಯಲ್ಲಿ ಇದೂ ಒಂದಾಗಿ ಸೇರಿಹೋಗುತ್ತಿತ್ತು.

ಪತ್ರಿಕೆಗಳಲ್ಲಿ ದೊಡ್ಡ ದೂರದರ್ಶಕಗಳ ಬಣ್ಣದ ಚಿತ್ರ ಬರುತ್ತದೆ, ಬರಲಿ. ಆದರೆ ಬೇರೆ ಕೆಲಸಕ್ಕೆ ಹೋದ ನೌಕೆಯ ಮೂಲೆಯಲ್ಲಿ ಕೂತು, ಸಮಯ ಬರೆದಿಟ್ಟು, ಬರೆದದ್ದನ್ನು ಎಲ್ಲರಿಗೂ ಕೊಡುವ ಸಣ್ಣ ಪೆಟ್ಟಿಗೆಗಳಿಗೆ ಸಲ್ಲಬೇಕಾದ ಗೌರವ ಸಂದಿಲ್ಲ ಅಂತ ನನ್ನ ಮನಸ್ಸು ಹೇಳುತ್ತದೆ. ರಷ್ಯದ ಪೆಟ್ಟಿಗೆ ಅಮೆರಿಕದ ನೌಕೆಯಲ್ಲಿ ಕೂತು ಮಂಗಳದಿಂದ ಸಮಯ ಹೇಳದಿದ್ದರೆ ಆ ವಿಳಾಸ ಸಿಗುತ್ತಿರಲಿಲ್ಲ.

“ನಮ್ಮೋರು?” ಅಂದರು ಮೇಷ್ಟ್ರು.

ನಮ್ಮವರು ಬಹಳ ಹಿಂದೆಯೇ ಇಳಿದಿದ್ದಾರೆ. 1994ರ ಮೇ ತಿಂಗಳಲ್ಲಿ ಹಾರಿದ ಸ್ರಾಸ್-ಸಿ2 ಎಂಬ ಪುಟ್ಟ ಉಪಗ್ರಹದಲ್ಲಿ ಗಾಮಾ ಸ್ಫೋಟ ಹಿಡಿಯುವ ಉಪಕರಣ ಇತ್ತು. ಅದನ್ನು ಮಾಡಿದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ, ಕಸ್ತೂರಿರಂಗನ್ ಅವರ ತಂಡ. ಆಮೇಲೆ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹೋಯಿತು. ಅದರ ಗಾಮಾ ಸಂವೇದಕವನ್ನು ಚಾಲೂ ಮಾಡಿದ್ದು ಅಕ್ಟೋಬರ್ 6ಕ್ಕೆ. ಅವತ್ತೇ ಒಂದು ಸ್ಫೋಟ ಬಂದು ಬಿತ್ತು! 2017ರ ಜನವರಿಯಲ್ಲಂತೂ ಅದು ಒಂದು ವ್ಯಾಜ್ಯವನ್ನೇ ಬಗೆಹರಿಸಿತು. ಎರಡು ಕಪ್ಪುಕುಳಿಗಳು ಕೂಡಿದ ಗುರುತ್ವದ ಅಲೆ ಜನವರಿ 4ರಂದು ಸಿಕ್ಕಿತ್ತು. ಅದೇ ದಿಕ್ಕಿನಲ್ಲಿ ಆರುತ್ತಿರುವ ಒಂದು ಬೆಳಕನ್ನು ಹವಾಯಿಯ ಅಟ್ಲಾಸ್ ದೂರದರ್ಶಕ ಕಂಡಿತು. ಎರಡಕ್ಕೂ ನಂಟಿದೆಯೇ ಅಂತ ಎಲ್ಲರಿಗೂ ಕುತೂಹಲ. ಅಲೆ ಸಿಕ್ಕ ಮರುದಿನ ಬೇರೆಯೇ ಗಾಮಾ ಸ್ಫೋಟ ಆಗಿತ್ತು, ಈ ಬೆಳಕು ಅದರದ್ದು ಅಂತ ತೋರಿಸಲು ಆಸ್ಟ್ರೋಸ್ಯಾಟ್‌ನ ದಾಖಲೆ ನೆರವಾಯಿತು. ಇನ್ನು ಉಳಿಬೆಳಕನ್ನು ಹಿಂಬಾಲಿಸಲು ಲಡಾಖಿನ ಹಾನ್ಲೆಯಲ್ಲಿ ಎರಡು ಮೀಟರಿನ ಚಂದ್ರ ದೂರದರ್ಶಕ ಇದೆಯಲ್ಲ, ಅದನ್ನು ನಡೆಸುವುದು ಎಲ್ಲಿಂದ ಅಂತೀರಿ? ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ಮೇಷ್ಟ್ರ ಮೊಮ್ಮಗಳು ಈ ವರ್ಷ ಬಿ.ಎಸ್‌ಸಿ. ಸೇರಿದ್ದಾಳೆ, ಭೌತಶಾಸ್ತ್ರ ತಗೊಂಡಿದ್ದಾಳೆ. ಅವಳಿಗೆ ಹೇಳಿ ಅಂದೆ, ಓದುವ ನಿಮಗೂ ಅದನ್ನೇ ಹೇಳುತ್ತೇನೆ. ಆಸ್ಟ್ರೋಸ್ಯಾಟ್ ಹಿಡಿದ ಗಾಮಾ ಸ್ಫೋಟಗಳ ಪಟ್ಟಿಯನ್ನು ಪುಣೆಯ ಅಯೂಕಾ ಸಂಸ್ಥೆ ಅಂತರಜಾಲದಲ್ಲಿ ತೆರೆದಿಟ್ಟಿದೆ. ಉಪಗ್ರಹದ ದತ್ತಾಂಶ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿರುವ ಇಸ್ರೋ ಕೇಂದ್ರದ ಮೂಲಕ ಸಿಗುತ್ತದೆ, ಕಾಸು ಕೊಡಬೇಕಿಲ್ಲ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಒಂದು ಸ್ಫೋಟದ ಗ್ರಾಫನ್ನಾದರೂ ಅವರ ಕೈಯಿಂದಲೇ ಬರೆಸಿ.