ಎರಡು ನಿಮಿಷದ ಓದು

ಮದುವೆಯಲ್ಲಿ 'ಅರ್ಥ ಇರೋದು ಏನಾದ್ರೂ ಓದಿಸೋಣ' ಎಂಬ ಖಯಾಲಿ ಈಗ ದಾವಣಗೆರೆಗೂ ಬಂದಿದೆ. ಪುರೋಹಿತರು ಹೇಳುವುದು ಯಾರಿಗೂ ತಿಳಿಯುವುದಿಲ್ಲವೆಂಬುದು ಹಳೆಯ ದೂರು. ತಿಳಿಯುವಂಥದ್ದನ್ನು ಓದಿಸಿದರೆ ಎಂಥ ಫಜೀತಿ ಎಂಬುದು ಈಚಿನ ಅನುಭವ.

ಹುಡುಗ ದಾವಣಗೆರೆ, ಹುಡುಗಿ ಹರಿಹರ. ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತ ದೇವರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲೇ ಅಲ್ಲಿ ಗುಡಿ ಕಟ್ಟಿಸಿದ. ಎರಡು ದೇವರನ್ನು ಒಪ್ಪಿಸಬಹುದು. ಎರಡು ಕಡೆಯ ಸೋದರಮಾವಂದಿರನ್ನು ಒಪ್ಪಿಸುವ ಕೆಲಸ ಪೋಲಾಳ್ವನಿಗೆ ಬರಲಿಲ್ಲ, ಪುಣ್ಯವಂತ.

ಓದು ಆರಿಸಲು ಬೀಗರು ಕೂತರು. ಸಣ್ಣದಿರಬೇಕು, ಅರ್ಥವಿರಬೇಕು, ಯಾರಿಗೂ ಬೇಜಾರಾಗಬಾರದು. ವಚನವೇ ಆಗಲಿ ಎಂದು ಮೊದಲ ಏಟಿಗೇ ತೀರ್ಮಾನವಾಯಿತು. ದಾವಣಗೆರೆ ಸೀಮೆಯಲ್ಲಿ ಬಸವಣ್ಣ ಬೇಡ ಅನ್ನುವವರುಂಟೆ? ಬೇಡವಾದದ್ದು ಅವರು ಹೇಳಿದ್ದು ಮಾತ್ರ.

ಕಳವು, ಸುಳ್ಳು ಕೂಡದೆನ್ನುವ ವಚನ ಮೊದಲು ಬಂತು. ಹುಡುಗನ ಚಿಕ್ಕಪ್ಪ ರಸ್ತೆ ಗುತ್ತಿಗೆದಾರರು. "ಮುಂದಿನ ಸಾಲಲ್ಲೇ ಎಂಜಿನಿಯರ್ ಸಾಹೇಬ್ರು ಕುಂತಿರ್ತಾರೆ. ಅವರಿಗೇ ಅಂದಂಗಾಗುತ್ತೆ, ಬ್ಯಾಡ್ರಿ." ಸರಿ, ದೇಹವೇ ದೇಗುಲವೆಂಬ ಅರ್ಥದ್ದು? ಹುಡುಗಿಯ ತಂದೆ ಕೆಮ್ಮಿದರು. ಗುಡಿಗೆ ಅವರು ಮಾಡಿಸಿಕೊಟ್ಟ ಮಹಾದ್ವಾರದ ಮೇಲೆ ಅವರ ಹೆಸರು ದೇವರ ಹೆಸರಿಗಿಂತ ಒಂದು ಗೇಣು ಎತ್ತರದಲ್ಲಿದೆ. ಹುಡುಗಿ ಅಕ್ಕಮಹಾದೇವಿಯ ಹೆಸರೆತ್ತಿದಳು. ಅಲ್ಲಿಯವರೆಗೆ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆಯೆತ್ತಿ, "ಗಂಡನ್ನ ಬಿಟ್ಟು ಹೋದೋಳ್ದು ಮದ್ವೇಲಿ ಓದ್ತಾರೇನವ್ವಾ?" ಎಂದಳು. ಆ ಸಭೆಯಲ್ಲಿ ವಚನ ಸಾಹಿತ್ಯವನ್ನು ಅಕ್ಷರಶಃ ನಂಬಿದವಳು ಅಜ್ಜಿಯೊಬ್ಬಳೇ.

ಹುಡುಗ ಓದಿಕೊಂಡವನು. ಶರಣರ ಕಾಲದ ಹೆಸರಾಂತ ಮದುವೆಯನ್ನೇ ನಾಲ್ಕು ಸಾಲಿನಲ್ಲಿ ಹೇಳೋಣವೆಂದ: ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮೂಲದ ಮಧುವರಸನ ಮಗಳು, ಅದಕ್ಕಾಗಿ ಬಿಜ್ಜಳ ಇಬ್ಬರು ಅಪ್ಪಂದಿರಿಗೂ ಕೊಡಿಸಿದ ಘೋರ ಸಾವು. ಒಳಪಂಗಡ ಕೇಳಿ, ಜಾತಕ ಕೂಡಿಸಿ, ಮನೆತನದ ಮೂರು ತಲೆಮಾರು ವಿಚಾರಿಸಿ ನಿಶ್ಚಯಿಸಿದ ಮದುವೆ ಇದು. "ಶುಭಕಾರ್ಯದಾಗೆ ಸಾವಿನ ಮಾತ್ಯಾಕಪ್ಪಾ" ಎಂದು ಮುಗಿಸಿದರು.

ಕುವೆಂಪು ಅವರ ಮಂತ್ರಮಾಂಗಲ್ಯವೂ ಬಂತು. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿದ್ದರು ಕವಿ: ಪುರೋಹಿತರಿಲ್ಲ, ಆಡಂಬರವಿಲ್ಲ, ಗಂಡು ಹೆಣ್ಣು ಸಮ ಎಂಬ ಮಾತು. ಸೋದರಮಾವನಿಗೆ ಬಹಳ ಹಿಡಿಸಿತು. "ಅದ್ನೇ ಓದಿಸ್ರಿ. ಆಡಂಬರದ್ದು ಬರೋ ಕಡೆ ಸ್ವಲ್ಪ ವಾಲಗ ಜೋರು ಮಾಡಿಸಿದ್ರಾತು." ಡ್ರೋನ್‌ಗೆ, ಎಲ್‌ಇಡಿ ಪರದೆಗೆ ಆಗಲೇ ಅಡ್ವಾನ್ಸ್ ಹೋಗಿತ್ತು.

ಅದೇ ಹರಿಹರದ ಆರೋಗ್ಯಮಾತೆ ಚರ್ಚಿನವರಿಗೆ ಈ ತಾಪತ್ರಯ ಕಡಿಮೆ. ಓದು ಬೈಬಲ್ಲಿನದೇ ಆಗಬೇಕೆಂಬ ಕಟ್ಟಳೆಯಿದೆ, ಚೌಕಾಸಿಗೆ ಬರುವ ಮಾವಂದಿರನ್ನು ಪಾದ್ರಿಯೇ ನೋಡಿಕೊಳ್ಳುತ್ತಾರೆ.

ಕಡೆಗೆ ಸರ್ವಾನುಮತ ಸಿಕ್ಕಿದ್ದು ಅಲ್ಲಮನ ಒಂದು ಬೆಡಗಿನ ವಚನಕ್ಕೆ. ಯಾರಿಗೂ ಅರ್ಥವಾಗಲಿಲ್ಲ. ಪುರೋಹಿತರ ಮೇಲಿದ್ದ ದೂರನ್ನು ಯಾರೂ ನೆನೆಯಲಿಲ್ಲ.

ಮದುವೆ ದಿನ 'ಎರಡು ಮಾತು' ಎಂದು ಮೈಕು ಹಿಡಿದ ಮುಖಂಡರು ರಿಂಗ್ ರೋಡಿನಿಂದ ಭದ್ರಾ ನಾಲೆವರೆಗೆ ಹೋಗಿ ಬಂದರು. ಹುಡುಗಿಯ ಗೆಳತಿ ವಚನ ಓದುವ ಹೊತ್ತಿಗೆ ಜನ ಊಟದ ಹಾಲ್‌ನಲ್ಲಿ, ಉಣ್ಣುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತಿದ್ದರು.

ಮಂಟಪ ನಿಶ್ಶಬ್ದವಾಗಿ ಕಿವಿಗೊಟ್ಟ ಓದೂ ಒಂದಿತ್ತು. ಆರಿಸಲು ಯಾರೂ ಕೂತಿರಲಿಲ್ಲ, ಸಣ್ಣದಾಗಲಿ ಎಂದು ಯಾರೂ ಅಂದಿರಲಿಲ್ಲ. ಮುಯ್ಯಿ ಪಟ್ಟಿಯನ್ನು ಮೈಕಿನಲ್ಲಿ ಹೆಸರು, ಊರು, ಮೊತ್ತ ಸಮೇತ ಓದತೊಡಗಿದಾಗ ಅಜ್ಜಿ ಕೂಡ ಕುಟ್ಟುವುದು ನಿಲ್ಲಿಸಿದಳು. ನಡುವೆ ಒಂದು ಹೆಸರು ಬಿಟ್ಟುಹೋಯಿತೆಂದು ಸೋದರಮಾವ ಮತ್ತೆ ಮೊದಲಿಂದ ಓದಿಸಿದರು.