ಕಪ್ ಎಷ್ಟಿದ್ದರೇನು, ಗೋಳು ಎಷ್ಟಿದೆ ಹೇಳಿ

ಅಮೆರಿಕದವರು ಎರಡು ವಿಷಯಗಳಲ್ಲಿ ಸಂಕೋಚ ಇಟ್ಟುಕೊಂಡವರಲ್ಲ. ಒಂದು, ತಮ್ಮತಮ್ಮಲ್ಲೇ ಆಡಿ ಮುಗಿಸುವ ಬೇಸ್‌ಬಾಲ್ ಫೈನಲ್‌ಗೆ ‘ವರ್ಲ್ಡ್ ಸೀರೀಸ್’ ಎಂದು ಹೆಸರಿಟ್ಟದ್ದು. ಪಕ್ಕದ ಕೆನಡಾದಿಂದ ಟೊರಾಂಟೊ ಬರುತ್ತದಲ್ಲ, ಪ್ರಪಂಚ ಅನ್ನಿಸಿಕೊಳ್ಳಲು ಇನ್ನೆಷ್ಟು ಬೇಕು? ಎರಡು, ಇರುವ 30 ತಂಡಗಳನ್ನು ಸಾಲಾಗಿ ನಿಲ್ಲಿಸಿ ಯಾರದು ದೊಡ್ಡ ಮನೆತನ, ಯಾರದು ಮಧ್ಯಮ, ಯಾರು ನಿನ್ನೆ ಮೊನ್ನೆ ಬಂದವರು ಎಂದು ಪಟ್ಟಿ ಹಾಕುವುದು.

ಪಟ್ಟಿಗೆ ಚಳಿಗಾಲವೇ ಪ್ರಶಸ್ತ ಕಾಲ. ನವೆಂಬರ್ ಬಂತೆಂದರೆ ಆಟ ಮುಗಿದಿರುತ್ತದೆ, ಹೊರಗೆ ಕೊರೆಯುವ ಚಳಿ, ಮಾರ್ಚ್ ಕೊನೆಯವರೆಗೆ ಬಾಯಿಗೆ ಬೇರೆ ಕೆಲಸವಿಲ್ಲ. ಅಲ್ಲಿಯವರು ಇದನ್ನು ‘ಹಾಟ್ ಸ್ಟೋವ್ ಲೀಗ್’ ಅನ್ನುತ್ತಾರೆ. ಒಲೆ ಕಾಯಿಸಿಕೊಳ್ಳುತ್ತಾ ಕೂತು ಆಡುವ, ಯಾರೂ ಸೋಲದ ಲೀಗ್.

ಪಟ್ಟಿ ಹಾಕುವವರ ಗುಟ್ಟು ಒಂದೇ: ತೀರ್ಪು ಮೊದಲು, ಅಳತೆಗೋಲು ಆಮೇಲೆ. ನ್ಯೂಯಾರ್ಕ್ ಯಾಂಕೀಸ್ ಅಭಿಮಾನಿ ‘ಕಪ್ ಎಣಿಸಿ’ ಅನ್ನುತ್ತಾನೆ. ಎಣಿಸಿದರೆ 27. ಎರಡನೆಯ ಸ್ಥಾನದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ 11ಕ್ಕೆ ನಿಂತಿದೆ. ಮುಗಿಯಿತಲ್ಲ ಎಂದರೆ ಸೇಂಟ್ ಲೂಯಿಸಿನವನು ಎದ್ದು, ‘ನಾವು ಸಣ್ಣ ಊರಿನವರು ಸ್ವಾಮಿ, ತಲೆಗೆಷ್ಟು ಕಪ್ ಅಂತ ಭಾಗಿಸಿ ನೋಡಿ’ ಅನ್ನುತ್ತಾನೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಕಡೆಯವನಿಗೆ ಕಪ್ಪೇ ಬೇಡ. ಒಟ್ಟು ಗೆದ್ದ ಪಂದ್ಯಗಳನ್ನು ಎಣಿಸಬೇಕಂತೆ, ಏಕೆಂದರೆ ಆ ಲೆಕ್ಕದಲ್ಲಿ ಅವರೇ ಮೊದಲು.

ಅಟ್ಲಾಂಟಾ ಬ್ರೇವ್ಸ್‌ನವನು ವಂಶಾವಳಿ ಬಿಚ್ಚುತ್ತಾನೆ. 1871ರಿಂದ ಒಂದು ವರ್ಷವೂ ತಪ್ಪದೆ ಆಡಿದ ತಂಡ ತಮ್ಮದು. ಬಾಸ್ಟನ್‌ನಲ್ಲಿ ಹುಟ್ಟಿ, ಮಿಲ್ವಾಕಿಯಲ್ಲಿ ಇದ್ದು, 1966ರಲ್ಲಿ ಅಟ್ಲಾಂಟಾ ಸೇರಿದ್ದನ್ನು ಮಾತ್ರ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಅಷ್ಟರಲ್ಲಿ ಸಿನ್ಸಿನಾಟಿಯವನು ‘1869!’ ಎಂದು ಕೂಗುತ್ತಾನೆ. ಎಲ್ಲ ಆಟಗಾರರಿಗೂ ರಾಜಾರೋಷವಾಗಿ ಸಂಬಳ ಕೊಟ್ಟು ತಂಡ ಕಟ್ಟಿದ ಮೊದಲ ಊರು ಅದು, ಸುಳ್ಳಲ್ಲ. ಆದರೆ ಆ ತಂಡ 1870ಕ್ಕೇ ಚದುರಿತು. ಅದನ್ನು ಕಟ್ಟಿದ ಹ್ಯಾರಿ ರೈಟ್ ಕೆಲವು ಆಟಗಾರರನ್ನೂ ‘ರೆಡ್ ಸ್ಟಾಕಿಂಗ್ಸ್’ ಎಂಬ ಹೆಸರನ್ನೂ ಕಟ್ಟಿಕೊಂಡು ಬಾಸ್ಟನ್‌ಗೆ ಹೋದ. ಅಲ್ಲಿ ಅವನು ಕಟ್ಟಿದ ತಂಡವೇ ಇಂದಿನ ಬ್ರೇವ್ಸ್. ಈಗಿನ ಸಿನ್ಸಿನಾಟಿ ರೆಡ್ಸ್ ಹುಟ್ಟಿದ್ದು ಆಮೇಲೆ ಹತ್ತು ಹನ್ನೊಂದು ವರ್ಷ ಕಳೆದು. ವಂಶ ಇವರದು, ಮಕ್ಕಳು ಅವರ ಮನೆಯಲ್ಲಿ. ಕೋರ್ಟಿಗೆ ಹೋದರೆ ಮೂರು ತಲೆಮಾರು ನಡೆಯುವ ದಾವೆ.

ನಮ್ಮ ಭಾವ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಲೆನಿಂತವರು. ಹಾಸನ ಬಿಟ್ಟು ಅಲ್ಲಿಗೆ ಹೋದ ಮೇಲೆ ಯಾಂಕೀಸ್ ಭಕ್ತರಾದರು. ಗೆಲ್ಲುವ ದೇವರಿಗೇ ಹರಕೆ ಹೊರುವುದು ಅವರ ಹಳೆಯ ಸ್ವಭಾವ. ರಜಕ್ಕೆ ಬಂದಾಗಲೆಲ್ಲ ನನಗೆ ಉಪದೇಶ ತಪ್ಪಿದ್ದಲ್ಲ.

‘ನೋಡಯ್ಯ, ನಮ್ಮಲ್ಲಿ ಒಂದರಿಂದ ಒಂಬತ್ತರವರೆಗೆ ಒಂದೂ ನಂಬರು ಖಾಲಿ ಇಲ್ಲ. ಎಲ್ಲ ದೊಡ್ಡವರ ಹೆಸರಲ್ಲಿ ಎತ್ತಿಟ್ಟಾಗಿದೆ. ಮೂರು ಬೇಬ್ ರೂತ್‌ದು, ನಾಲ್ಕು ಲೂ ಗೆರಿಗ್‌ದು, ಎರಡು ಡೆರೆಕ್ ಜೀಟರ್‌ದು. ಎಂಟಂತೂ ಇಬ್ಬರಿಗೆ ಸೇರಿಸಿ ಕೊಟ್ಟಿದ್ದಾರೆ.’

‘ಹೊಸದಾಗಿ ಬಂದ ಹುಡುಗ ಏನು ಹಾಕ್ಕೋಬೇಕು ಭಾವ?’

‘ಎರಡಂಕಿ ಹಾಕ್ಕೊಳ್ಳಲಿ. ಇಲ್ಲ, ಸೊನ್ನೆ ಇದೆ.’

‘ಅಂಗಿ ಬೆನ್ನ ಮೇಲೆ ಆಟಗಾರನ ಹೆಸರೂ ಇರಲ್ಲವಂತೆ?’

‘ಯಾಂಕೀಸ್ ಅಂತ ಗೊತ್ತಾದ ಮೇಲೆ ಹೆಸರು ಯಾಕಯ್ಯ?’

‘ಗಡ್ಡದ ಕಥೆ ಏನು?’

ಇಲ್ಲಿ ಭಾವ ತಡವರಿಸುತ್ತಾರೆ. 1973ರಲ್ಲಿ ತಂಡ ಕೊಂಡ ಜಾರ್ಜ್ ಸ್ಟೈನ್‌ಬ್ರೆನರ್, ಮೀಸೆ ಬೇಕಾದರೆ ಇರಲಿ, ಗಡ್ಡ ಬಿಡುವ ಹಾಗಿಲ್ಲ ಎಂದು ಕಟ್ಟಪ್ಪಣೆ ಮಾಡಿದ್ದರು. ಬೇರೆ ತಂಡದಲ್ಲಿ ಋಷಿಯಂತಿದ್ದವನು ಯಾಂಕೀಸ್‌ಗೆ ಸಹಿ ಹಾಕಿದ ಮರುದಿನ ಎಸ್ಸೆಸ್ಸೆಲ್ಸಿ ಹುಡುಗನ ಮುಖ ಹೊತ್ತು ಬರುತ್ತಿದ್ದ. 2025ರ ಫೆಬ್ರವರಿಯಲ್ಲಿ ಮಗ ಹಾಲ್ ಸ್ಟೈನ್‌ಬ್ರೆನರ್, ಓರಣವಾಗಿ ಕತ್ತರಿಸಿಕೊಂಡ ಗಡ್ಡವಾದರೆ ಇರಲಿ ಎಂದುಬಿಟ್ಟರು. ಗಡ್ಡದ ಆಸೆಗೆ ಒಳ್ಳೆಯ ಆಟಗಾರ ಕೈತಪ್ಪಿದರೆ ಗತಿಯೇನು?

‘ಅದಿರಲಿ ಭಾವ, ಕೊನೆಯ ಕಪ್ ಬಂದಿದ್ದು ಯಾವಾಗ?’

‘2009ರಲ್ಲಿ. ಕಾಫಿ ಆರ್ತಾ ಇದೆ, ಕುಡಿ.’

ಭಾವನವರ ಈ ಕಾಫಿಯನ್ನು ನೋಡಿಯೇ ನಾನು ನನ್ನದೊಂದು ಅಳತೆಗೋಲು ಕೆತ್ತಿದೆ. ಕಪ್ ಎಣಿಸಿದರೆ ಗೊತ್ತಾಗುವುದು ಐಶ್ವರ್ಯ. ಪ್ರತಿಷ್ಠೆ ಗೊತ್ತಾಗಬೇಕಾದರೆ ಗೋಳನ್ನು ಎಣಿಸಬೇಕು. ಒಂದು ತಂಡ ಸೋತದ್ದನ್ನು ಎಷ್ಟು ತಲೆಮಾರು ಹೇಳಿಕೊಂಡು ಅತ್ತವು, ಎಷ್ಟು ಊರು ಕೇಳಿ ನಕ್ಕವು, ಆ ಸೋಲಿಗೆ ಯಾರ್‍ಯಾರ ಶಾಪ ಕಾರಣವೆಂದು ಕತೆ ಹುಟ್ಟಿತು, ಇವು ನನ್ನ ಅಂಕಗಳು. ಹದಿನೆಂಟು ಸೀಸನ್ ‘ಈ ಸಲ ಕಪ್ ನಮ್ದೇ’ ಎಂದುಕೊಂಡೇ ಬಂದ ಆರ್‌ಸಿಬಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದೈದು ಕಪ್ ಇಟ್ಟುಕೊಂಡವರು ಪಕ್ಕದಲ್ಲಿದ್ದರೂ ಮಾತೆಲ್ಲ ಇವರದೇ ಆಗಿತ್ತಲ್ಲ!

ಈ ಕೋಲು ಹಿಡಿದು ಮೊದಲು ಬಾಸ್ಟನ್‌ಗೆ, ರೆಡ್ ಸಾಕ್ಸ್ ಮನೆಗೆ ಹೋಗೋಣ. 1903ರ ಮೊಟ್ಟಮೊದಲ ವರ್ಲ್ಡ್ ಸೀರೀಸ್ ಗೆದ್ದವರು ಇವರು. 1918ರ ಹೊತ್ತಿಗೆ ಐದು ಕಪ್ ಮನೆಯಲ್ಲಿತ್ತು. ಆಗ ತಂಡದ ಮಾಲೀಕ ಹ್ಯಾರಿ ಫ್ರೇಜಿ ಎಂಬ ನಾಟಕ ಕಂಪನಿಯ ಮನುಷ್ಯ. 1919ರ ಡಿಸೆಂಬರ್ ಕೊನೆಯಲ್ಲಿ ಆತ ಬೇಬ್ ರೂತ್‌ನನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿದ. ಅಲ್ಲಿಯವರೆಗೆ ಯಾಂಕೀಸ್ ಬಳಿ ಒಂದು ಕಪ್ಪೂ ಇರಲಿಲ್ಲ. ಮುಂದೆ ಬಾಸ್ಟನ್ ಇನ್ನೊಂದು ಕಪ್ ಮುಟ್ಟುವಷ್ಟರಲ್ಲಿ ಯಾಂಕೀಸ್ 26 ಗೆದ್ದಿತ್ತು. 86 ವರ್ಷ! ಅಜ್ಜ ಅತ್ತ, ಅಪ್ಪ ಅತ್ತ, ಮೊಮ್ಮಗನಿಗೆ ಅಳಲು ತರಬೇತಿ ಕೊಟ್ಟರು.

ಆ ಅಳುವಿನ ಜಾಗವನ್ನಾದರೂ ನೋಡಬೇಕು. ಫೆನ್‌ವೇ ಪಾರ್ಕ್, 1912ರದು. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ. ಬೇರೆ ಮೈದಾನದಲ್ಲಿ ಸಲೀಸಾಗಿ ಹೋಮ್ ರನ್ ಆಗುವ ಹೊಡೆತ ಇಲ್ಲಿ ಗೋಡೆಗೆ ಢಣ್ಣೆಂದು ಬಡಿದು ವಾಪಸು ಬೀಳುತ್ತದೆ. ಬೇರೆ ಕಡೆ ಕ್ಯಾಚ್ ಆಗುವ ಸಾಧಾರಣ ಹೊಡೆತ ಇಲ್ಲಿ ಗೋಡೆಯ ಆಚೆ ಹೋಗಿ ಹೋಮ್ ರನ್ ಆಗುತ್ತದೆ. ಗೋಡೆಯ ಬುಡದಲ್ಲೇ ಸ್ಕೋರ್‌ಬೋರ್ಡು. ಇವತ್ತಿಗೂ ಅದರ ಹಿಂದಿನ ಇಕ್ಕಟ್ಟಿನಲ್ಲಿ ಜನ ಕೂತು ಅಂಕಿಯ ತಗಡುಗಳನ್ನು ಕೈಯಲ್ಲೇ ಬದಲಾಯಿಸುತ್ತಾರೆ. ಸೋಲನ್ನು ಹೀಗೆ ಕೈಯಾರೆ ತೂಗುಹಾಕಿದ ಊರಿಗೆ ನನ್ನ ಪಟ್ಟಿಯಲ್ಲಿ ಜಾಗ ಇಲ್ಲವೆಂದರೆ ಪಾಪ ಬರುತ್ತದೆ.

ಕೊನೆಗೆ 2004ರಲ್ಲಿ ಲೀಗ್ ಫೈನಲ್‌ನಲ್ಲಿ ಅದೇ ಯಾಂಕೀಸ್ ಎದುರು ಮೊದಲ ಮೂರು ಪಂದ್ಯ ಸೋತು, ಉಳಿದ ನಾಲ್ಕನ್ನೂ ಗೆದ್ದರು. ಬೇಸ್‌ಬಾಲ್‌ನಲ್ಲಿ ಇನ್ನು ಯಾರೂ ಮಾಡದ ಕೆಲಸ. ಆಮೇಲೆ ಕಪ್ಪೂ ಬಂತು. ಈಗ ಒಟ್ಟು ಒಂಬತ್ತು. ಗೆದ್ದೂ ಗೆದ್ದೂ ಬಾಸ್ಟನ್‌ನವರ ಮಾತಿನ ರುಚಿ ಸ್ವಲ್ಪ ಕೆಟ್ಟಿತು ಎಂದು ನನ್ನ ದೂರು.

ಮುಂದಿನ ನಿಲ್ದಾಣ ಷಿಕಾಗೊ. ಕಬ್ಸ್ ತಂಡ 1908ರಲ್ಲಿ ಗೆದ್ದದ್ದು, ಮತ್ತೆ ಗೆದ್ದದ್ದು 2016ರಲ್ಲಿ. ನಡುವೆ 108 ವರ್ಷ, ಜಪಮಾಲೆಯಷ್ಟು. ಕಾರಣ ಕೇಳಿದರೆ ಆಡು. 1945ರ ವರ್ಲ್ಡ್ ಸೀರೀಸ್‌ಗೆ ಬಿಲ್ಲಿ ಸಿಯಾನಿಸ್ ಎಂಬ ಹೋಟೆಲಿನವನು ತನ್ನ ಸಾಕು ಆಡನ್ನು ಕರೆತಂದ. ವಾಸನೆ ಎಂದು ಆಡನ್ನು ಹೊರಗೆ ಹಾಕಿದರು. ಅವನು ಶಾಪ ಹಾಕಿದ ಎಂದು ಕತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ಸೀರೀಸ್ ಅಂತೂ ಸೋತರು, ಮತ್ತೆ ವರ್ಲ್ಡ್ ಸೀರೀಸ್‌ನ ಮುಖ ಕಂಡದ್ದೇ 2016ರಲ್ಲಿ.

ಇವರ ರಿಗ್ಲಿ ಫೀಲ್ಡ್‌ನಲ್ಲಿ ಬೌಂಡರಿ ಗೋಡೆಗೆ 1937ರಲ್ಲಿ ಬಳ್ಳಿ ಹಬ್ಬಿಸಿದ್ದಾರೆ. ಚೆಂಡು ಹೋಗಿ ಎಲೆಗಳ ನಡುವೆ ಸಿಕ್ಕಿಕೊಂಡರೆ ಫೀಲ್ಡರ್ ಹುಡುಕುವುದಿಲ್ಲ, ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ. ಅಂಪೈರ್ ಬಂದು ನೋಡಿ ಬ್ಯಾಟರ್‌ಗೆ ಎರಡು ಬೇಸ್ ಕೊಡುತ್ತಾನೆ. ಫೀಲ್ಡರ್ ಪೆದ್ದುತನಕ್ಕೆ ಕೈ ಹಾಕಿ ಹುಡುಕಲು ಹೊರಟನೋ, ಕೈ ಎತ್ತಿದ ಲೆಕ್ಕ ಹೋಯಿತು, ಬ್ಯಾಟರ್ ಓಡುತ್ತಲೇ ಇರಬಹುದು. ಇನ್ನು ರಾತ್ರಿ ಆಟಕ್ಕೆ ದೀಪ ಹಾಕಿದ್ದು 1988ರಲ್ಲಿ, ಬೇರೆಯವರೆಲ್ಲ ಹಾಕಿ ಎಷ್ಟೋ ಕಾಲದ ಮೇಲೆ. ದೊಡ್ಡ ಮನೆಯವರಿಗೆ ಅವಸರ ಇರುವುದಿಲ್ಲ. ಅಂದಹಾಗೆ 2016ರಲ್ಲಿ ಎದುರಿಗೆ ಸೋತ ಕ್ಲೀವ್‌ಲ್ಯಾಂಡ್‌ಗೂ 1948ರಿಂದ ಕಪ್ ಇರಲಿಲ್ಲ. ಆದರೂ ಲೋಕವೆಲ್ಲ ಕಬ್ಸ್‌ಗಾಗಿ ಅತ್ತಿತು. 68 ವರ್ಷದ ಬರ, 108ರ ಮುಂದೆ ನಿನ್ನೆ ಮೊನ್ನೆಯದು.

ಮೂರನೆಯದು ಬ್ರೂಕ್ಲಿನ್. ಡಾಡ್ಜರ್ಸ್ ಎಂದರೆ ಈಗ ಲಾಸ್ ಏಂಜಲೀಸ್. ಒಹ್ತಾನಿ ಎಂಬ ಒಬ್ಬ ಆಟಗಾರನಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಬರೆದುಕೊಟ್ಟವರು, 2024 ಮತ್ತು 2025ರ ಕಪ್ ಸಾಲಾಗಿ ಗೆದ್ದವರು. ಅವರ ಪ್ರತಿಷ್ಠೆಯ ಬೇರು ಮಾತ್ರ ಬ್ರೂಕ್ಲಿನ್‌ನಲ್ಲಿದೆ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಅಲ್ಲಿ ಮೈದಾನಕ್ಕಿಳಿದು, ಕಪ್ಪು ಆಟಗಾರರನ್ನು ದಶಕಗಳ ಕಾಲ ಹೊರಗಿಟ್ಟಿದ್ದ ಬೇಲಿಯನ್ನು ಮುರಿದರು. ಇಂದು 30 ತಂಡಗಳಲ್ಲೂ ಅವರ 42ನೇ ನಂಬರನ್ನು ಎತ್ತಿಡಲಾಗಿದೆ. ಈ ಒಂದು ವಿಷಯದಲ್ಲಿ ತಮಾಷೆಗೆ ಎಡೆಯಿಲ್ಲ. ಇಷ್ಟು ದೊಡ್ಡದನ್ನು ಯಾವ ಕಪ್ಪೂ ತೂಗಲಾರದು.

ಆದರೆ ಗೋಳು ಎಂದೆನಲ್ಲ. 1941, 1947, 1949, 1952, 1953. ಐದು ಸಲ ವರ್ಲ್ಡ್ ಸೀರೀಸ್‌ಗೆ ಹೋದರು, ಐದು ಸಲವೂ ಯಾಂಕೀಸ್ ಕೈಲಿ ಸೋತರು. ಪ್ರತಿ ಸಲವೂ ‘ಮುಂದಿನ ವರ್ಷ ನೋಡ್ತಿರಿ’ ಎಂದು ಮನೆಗೆ ಹೋದರು. 1955ರಲ್ಲಿ ಆ ಮುಂದಿನ ವರ್ಷ ಬಂದೇಬಂತು. 1956ರಲ್ಲಿ ಪುನಃ ಯಾಂಕೀಸ್, ಪುನಃ ಸೋಲು. 1957 ಮುಗಿಯುತ್ತಲೇ ಮಾಲೀಕ ವಾಲ್ಟರ್ ಓಮಾಲಿ ತಂಡವನ್ನೇ ಗಂಟುಕಟ್ಟಿ ಕ್ಯಾಲಿಫೋರ್ನಿಯಾಗೆ ಹೊತ್ತೊಯ್ದರು.

ಇಷ್ಟು ಓದಿದವರಿಗೆ ನನ್ನ ಕೋಲಿನ ತೊಂದರೆ ಕಾಣಿಸಿರಬೇಕು. ಬಾಸ್ಟನ್‌ನ ಗೋಳಿನಲ್ಲಿ ಖಳನಾಯಕ ಯಾರು? ಯಾಂಕೀಸ್. ಬ್ರೂಕ್ಲಿನ್‌ನ ಗೋಳಿನಲ್ಲಿ? ಯಾಂಕೀಸ್. 2001ರಲ್ಲಿ ಸಿಯಾಟಲ್ ಮರೀನರ್ಸ್ 116 ಪಂದ್ಯ ಗೆದ್ದು ಎದೆಯುಬ್ಬಿಸಿ ನಿಂತಾಗ ಮನೆಗೆ ಕಳಿಸಿದ್ದು? ಕೇಳಬೇಕೆ! ಮರೀನರ್ಸ್ ಇವತ್ತಿನವರೆಗೂ ವರ್ಲ್ಡ್ ಸೀರೀಸ್ ಮೈದಾನ ಕಂಡಿಲ್ಲ, ಅಂಥ ತಂಡ ಅದೊಂದೇ. ಹೀಗೆ ಅಮೆರಿಕಕ್ಕೆಲ್ಲ ಗೋಳಿನ ಸಗಟು ವ್ಯಾಪಾರಿ ಯಾಂಕೀಸ್. ಕಪ್ಪಿನ ಲೆಕ್ಕ ಬೇಡವೆಂದು ಕೋಲು ಬದಲಾಯಿಸಿದರೂ ಮೊದಲ ಮಣೆ ಅವರಿಗೇ ಹೋಗುತ್ತದೆ. ಭಾವನಿಗೆ ಇದನ್ನು ಯಾರೂ ಹೇಳಬೇಡಿ.

ಎರಡರಿಂದ ನಾಲ್ಕು ಕಬ್ಸ್, ಡಾಡ್ಜರ್ಸ್, ರೆಡ್ ಸಾಕ್ಸ್. ಐದನೆಯದು ಜೈಂಟ್ಸ್, ಬರೀ ಜಂಬಕ್ಕೆ. ಅವರು ನ್ಯೂಯಾರ್ಕ್‌ನಲ್ಲಿದ್ದಾಗ, 1904ರಲ್ಲಿ ನ್ಯಾಷನಲ್ ಲೀಗ್ ಗೆದ್ದರು. ಆ ಕಡೆ ಮೂರು ವರ್ಷದ ಕೂಸಾಗಿದ್ದ ಅಮೆರಿಕನ್ ಲೀಗ್ ಗೆದ್ದವರೊಡನೆ ವರ್ಲ್ಡ್ ಸೀರೀಸ್ ಆಡಬೇಕಿತ್ತು. ‘ಆ ಕಿರಿಯರ ಜೊತೆ ನಾವು ಆಡುವುದೇ?’ ಎಂದು ಮ್ಯಾನೇಜರ್ ಜಾನ್ ಮೆಗ್ರಾ, ಮಾಲೀಕ ಬ್ರಷ್ ಇಬ್ಬರೂ ಮೂಗು ಮುರಿದರು. ಆ ವರ್ಷ ವರ್ಲ್ಡ್ ಸೀರೀಸ್ಸೇ ನಡೆಯಲಿಲ್ಲ. ಗೆದ್ದು ದೊಡ್ಡವರಾದವರು ಬೇಕಾದಷ್ಟಿದ್ದಾರೆ. ಆಡದೆಯೇ ದೊಡ್ಡವರಾಗಲು ಕೆಚ್ಚು ಬೇಕು.

ಅದೇ ಮೆಗ್ರಾ ಒಮ್ಮೆ ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ತಂಡವನ್ನು ‘ಬಿಳಿ ಆನೆ’ ಎಂದು ಹಂಗಿಸಿದ. ಅದರ ಮ್ಯಾನೇಜರ್ ಕಾನಿ ಮ್ಯಾಕ್ ಕೋಪಿಸಿಕೊಳ್ಳಲಿಲ್ಲ. ಬಿಳಿ ಆನೆಯನ್ನೇ ಲಾಂಛನ ಮಾಡಿಕೊಂಡರು. ಸೂಟು ಹಾಕಿಕೊಂಡೇ 50 ವರ್ಷ ತಂಡ ನಡೆಸಿದ ಮನುಷ್ಯ ಅವರು. ಆ ಆನೆ ಫಿಲಡೆಲ್ಫಿಯಾ ಬಿಟ್ಟು ಕ್ಯಾನ್ಸಸ್ ಸಿಟಿ, ಅಲ್ಲಿಂದ ಓಕ್‌ಲ್ಯಾಂಡ್, 2025ರಿಂದ ಸ್ಯಾಕ್ರಮೆಂಟೊ ಪಕ್ಕದ ಒಂದು ಸಣ್ಣ ಮೈದಾನ ಎಂದು ಅಲೆಯುತ್ತಿದೆ; ಮುಂದೆ ಲಾಸ್ ವೇಗಸ್ ಎನ್ನುತ್ತಾರೆ. ಒಂಬತ್ತು ಕಪ್ ಇದೆ, ಹೆಸರಿನ ಹಿಂದೆ ಊರಿಲ್ಲ. ಸುಮ್ಮನೆ ‘ಅಥ್ಲೆಟಿಕ್ಸ್’. ಆರನೆಯ ಸ್ಥಾನ ಕೊಟ್ಟಿದ್ದೇನೆ, ವಿಳಾಸ ಸಿಕ್ಕರೆ ತಿಳಿಸುವುದು.

ಮಧ್ಯದಲ್ಲಿ ಜನಸಂದಣಿ. ಫಿಲಡೆಲ್ಫಿಯಾ ಫಿಲೀಸ್ 2007ರಲ್ಲಿ ಹತ್ತುಸಾವಿರನೆಯ ಸೋಲು ಸೋತು, ಮರುವರ್ಷವೇ ಕಪ್ ಗೆದ್ದು ದಾಖಲೆಯ ಘನತೆಯನ್ನು ತಾವೇ ಮುಕ್ಕಾಗಿಸಿಕೊಂಡರು. ನ್ಯೂಯಾರ್ಕ್ ಮೆಟ್ಸ್ ಎಂದೋ ಬ್ಯಾಟು ಕೆಳಗಿಟ್ಟ ಬಾಬಿ ಬೊನಿಯಾಗೆ ಪ್ರತಿ ಜುಲೈ 1ರಂದು ಸುಮಾರು 12 ಲಕ್ಷ ಡಾಲರ್ ಕೊಡುತ್ತಿದೆ, 2035ರವರೆಗೂ ಕೊಡಬೇಕು. ಪೆನ್ಷನ್ ಎಂದರೆ ಅದು. ಪಿಟ್ಸ್‌ಬರ್ಗ್ ಪೈರೇಟ್ಸ್ 2008ರಲ್ಲಿ ನಮ್ಮ ಉತ್ತರಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಜಾವೆಲಿನ್ ಹುಡುಗರಿಬ್ಬರನ್ನು ಪಿಚರ್ ಮಾಡಲು ಕರೆದುಕೊಂಡಿತ್ತು ಎಂಬ ಅಭಿಮಾನಕ್ಕೆ ಎರಡು ಅಂಕ ಹೆಚ್ಚಿಗೆ. ಐಪಿಎಲ್‌ನಲ್ಲಿ ಐದು ಸಿಕ್ಸರ್ ಹೊಡೆದ ರಿಂಕು ಬೇರೆ, ದಯವಿಟ್ಟು ಪತ್ರ ಬರೆಯಬೇಡಿ. ಹ್ಯೂಸ್ಟನ್ ಆಸ್ಟ್ರೋಸ್‌ಗೆ ಕಳೆಯುವ ಲೆಕ್ಕ. 2017ರಲ್ಲಿ ಕ್ಯಾಮೆರಾ ಇಟ್ಟು ಎದುರಾಳಿ ಕ್ಯಾಚರ್‌ನ ಕೈಸನ್ನೆ ಕದ್ದು, ತಿರುವು ಚೆಂಡು ಬರುವುದಾದರೆ ಕಸದ ಡಬ್ಬ ಬಡಿದು ಬ್ಯಾಟರ್‌ಗೆ ತಿಳಿಸಿದವರು. ಇಷ್ಟೆಲ್ಲ ತಂತ್ರಜ್ಞಾನ ಕೂಡಿಸಿ ಕೊನೆಗೆ ಡಬ್ಬ!

ಉಳಿದದ್ದು 30ನೆಯ ಸ್ಥಾನ. ಕಪ್ಪೇ ಕಾಣದ ಮರೀನರ್ಸ್‌ಗೋ? ಛೆ, ಅವರ ಗೋಳು ಬಂಗಾರದಂಥದ್ದು. ಇದು ಮಯಾಮಿ ಮಾರ್ಲಿನ್ಸ್‌ಗೆ. 1993ರಲ್ಲಿ ಆಡಲು ಶುರು ಮಾಡಿದರು. ಒಮ್ಮೆಯೂ ತಮ್ಮ ವಿಭಾಗದಲ್ಲಿ ಮೊದಲಿಗರಾಗಿಲ್ಲ. ಆದರೂ 1997ರಲ್ಲಿ, 2003ರಲ್ಲಿ ಹಿಂಬಾಗಿಲಿಂದ ನುಗ್ಗಿ ಕಪ್ ಹೊಡೆದರು, ಎರಡನೆಯ ಸಲ ಯಾಂಕೀಸ್ ಅಂಗಳದಲ್ಲೇ. 1997ರ ಕಪ್ ಕೈಗೆ ಬಂದ ಮೇಲೆ ಮಾಲೀಕರು ಒಬ್ಬೊಬ್ಬ ಆಟಗಾರನನ್ನೂ ಸಾಗಹಾಕಿದರು. ಮರುವರ್ಷ ತಂಡ 108 ಪಂದ್ಯ ಸೋತಿತು. ಷಿಕಾಗೊದವರು 108 ವರ್ಷ ಕಾಪಾಡಿಕೊಂಡ ಸಂಕಟವನ್ನು ಇವರು ಒಂದೇ ಬೇಸಿಗೆಯಲ್ಲಿ ಉಡಾಯಿಸಿದರು. ಯಾಂಕೀಸ್‌ನವರನ್ನು ಅವರ ಮನೆಯಲ್ಲೇ ಅಳಿಸಿದರೂ ಒಂದು ಶಾಪವಿಲ್ಲ, ಆಡಿಲ್ಲ, ಲಾವಣಿಯಿಲ್ಲ. ಮಯಾಮಿಯ ಅಭಿಮಾನಿಗಳಿಗೆ ಸಿಟ್ಟು ಬಂದಿದ್ದರೆ ದಯವಿಟ್ಟು ಗುಂಪು ಕಟ್ಟಿಕೊಂಡು ಜಗಳಕ್ಕೆ ಬನ್ನಿ. ನಾಲ್ಕು ಜನ ಸೇರಿ ಬಂದರೂ ಸಾಕು, ಅವತ್ತೇ ನಿಮ್ಮನ್ನು 29ಕ್ಕೆ ಏರಿಸುತ್ತೇನೆ.